1ನೇ ತಾರೀಖಿನಿಂದ ಸ್ಪೀಡ್ ಟೆಸ್ಟ್‌ನಾಗ ನಂಬರ್ ಜರಾ ಕಡಿಮಿ ಕಾಣ್ತದ, ಯಾಕಂತ ಓದ್ರಿ

ಎಲ್ಲಾ ಗ್ರಾಹಕರಿಗೂ ನಮಸ್ಕಾರ್ರಿ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಇಂಟರ್ನೆಟ್ ಲೈನ್ ಇರೋ ಪ್ರತಿ ಮನಿ ರೌಟರ್‌ದಾಗ ಒಂದು ಸೆಟ್ಟಿಂಗ್ ಬದಲ್ ಮಾಡ್ಲತೀವಿ. 50 ಎಂಬಿಪಿಎಸ್ ಪ್ಲಾನ್ ಇದ್ದವ್ರಿಗೆ ಸ್ಪೀಡ್ ಟೆಸ್ಟ್‌ನಾಗ 45ರ ಆಸುಪಾಸು ಕಾಣ್ತದ. ನೀವು ನೋಡಿ ಗಾಬರಿ ಆಗೋಕಿಂತ ಮೊದಲೇ ನಾವೇ ಹೇಳ್ಬೇಕು ಅನಸ್ತು.

ಒಂದೇ ನಮೂನಿ ಕಂಪ್ಲೇಂಟ್ ಭಾಳ ಬಂದಾವ, ವಾಟ್ಸಾಪ್ ಕಾಲ್‌ನಾಗ ದನಿ ಕಡ್ದು ಕಡ್ದು ಬರ್ತದ, ಯೂಟ್ಯೂಬ್ ಮಾತ್ರ ಚಂದ ಓಡ್ತದ ಅಂತ. ಇಷ್ಟು ದಿನ ನಾವು ದೊಡ್ಡ ಪ್ಲಾನ್ ತಗೋರಿ ಅಂತಿದ್ವಿ. ಅದು ತಪ್ಪು ಸಲಹಾ ಇತ್ತು, ಬರೀ ಮಾತಿನ ಕಾಲ್‌ಗೆ 100 ಕೆಬಿಪಿಎಸ್ ಇದ್ರ ಸಾಕು, 1 ಎಂಬಿನೂ ಬ್ಯಾಡ.

ಬ್ರಹ್ಮಪುರದಾಗ ಒಬ್ಬ ಆಯಿ ಮನ್ಯಾಗ ನಮಗಿದು ತಿಳೀತು. ದಿನಾ ರಾತ್ರಿ 8ಕ್ಕ ಪುಣೆದಿಂದ ಮಗಳ ಕಾಲ್, ದಿನಾ ಅದೇ ಟೈಮಿಗೆ ದನಿ ಕಟ್. ಲ್ಯಾಪ್‌ಟಾಪ್‌ಗೆ ವೈರ್ ಹಚ್ಚಿ ಪಿಂಗ್ (ಒಂದು ಸಣ್ಣ ತುಣುಕು ಹೋಗಿ ವಾಪಸ್ ಬರೋಕ ಹಿಡಿಯೋ ಟೈಮ್ ನೋಡೋದು) ಬಿಟ್ಕೊಂಡು ಕುಂತ್ವಿ, 20 ಮಿಲಿಸೆಕೆಂಡ್ ಬರ್ಲತಿತ್ತು, ಅಷ್ಟ್ರಾಗ ಮೊಮ್ಮಗ ಕೋಚಿಂಗ್‌ದಿಂದ ಬಂದ, ಅವನ ಫೋನ್ ವೈಫೈ ಹಿಡಿದದ್ದೇ ತಡ ಫೋಟೋ ಬ್ಯಾಕಪ್ ಚಾಲೂ ಆಯ್ತು, ಪಿಂಗ್ 600 ದಾಟಿತು. ಬ್ಯಾಕಪ್ ನಿಲ್ಲಿಸಿದ್ರ ಮತ್ತ 20.

ಆಗೋದಿಷ್ಟೇ. ಅಪ್‌ಲೋಡ್ ತುಂಬಿದ್ರ ಎಲ್ಲಾ ಪಾಳಿ ಹಚ್ಚತಾವ, ಕಾಲ್‌ದಾಗ ಸೆಕೆಂಡಿಗೆ ಸುಮಾರು 50 ದನಿಯ ತುಣುಕು ಹೊಂಟಿರ್ತಾವ, ಅವೂ ಫೋಟೋಗಳ ಹಿಂದೇ ನಿಲ್ತಾವ. ಒಂದು ಕಡಿಯಿಂದ 150 ಮಿಲಿಸೆಕೆಂಡ್ ಒಳಗ ಮುಟ್ಟಿದ್ರ ಮಾತು ಛಲೋ ನಡೀತದ, ಭಾಳ ತಡ ಆದ ತುಣುಕು ಆ ಕಡಿ ಫೋನ್ ಬಿಟ್ಟೇ ಬಿಡ್ತದ. ಯೂಟ್ಯೂಬ್ ಮುಂದಿಂದೆಲ್ಲಾ ಮೊದಲೇ ತಂದಿಟ್ಕೋತದ, ಅದಕ್ಕ ಗೊತ್ತಾಗಲ್ಲ. ಹೊಸ ಸೆಟ್ಟಿಂಗ್ ಲೈನ್ ಪೂರಾ ತುಂಬಾಕ ಬಿಡಲ್ಲ, ಸಣ್ಣ ತುಣುಕು ಮುಂದ ಬಿಡ್ತದ. ಆ 5 ಎಂಬಿ ಹೋಗೋದು ಇದಕ್ಕ.

ಆದ್ರ ವೈಫೈ ತೊಂದ್ರಿ ಇದರಿಂದ ಹೋಗಲ್ಲ, ಇದು ಖರೆ. ನಮ್ ಕಡಿ ಹಳೀ ಮನಿ ಕಲ್ಲಿನ ಗ್ವಾಡಿ ಎಷ್ಟು ದಪ್ಪ ಇರ್ತಾವ ನಿಮಗೇ ಗೊತ್ತು, 5 ಗಿಗಾಹರ್ಟ್ಸ್ ವೈಫೈ ಸಿಗ್ನಲ್ ಒಂದು ಗ್ವಾಡಿ ದಾಟೋದ್ರಾಗೇ ಸೋತಿರ್ತದ. ಕಾಲ್ ಕೆಟ್ಟಾಗ ರೌಟರ್ ಇರೋ ಖೋಲಿಗೇ ಹೋಗಿ ಮಾತಾಡ್ರಿ. ಅಲ್ಲಿ ಛಲೋ ಇದ್ರ ರೌಟರ್ ಜಾಗಾ ಬದಲ್ ಮಾಡ್ರಿ, ಅಲ್ಮಾರಿ ಒಳಗ, ಟಿವಿ ಹಿಂದ ಇಡಬ್ಯಾಡ್ರಿ. 2.4 ಗಿಗಾಹರ್ಟ್ಸ್ ವೈಫೈದಾಗ ಒಂದಕ್ಕೊಂದು ತಾಕದ ಚಾನೆಲ್ 1, 6, 11 ಅಷ್ಟೇ, ಬಾಜೂ ಮನಿಯವ್ರು ಯಾವುದ್ರಾಗ ಅದಾರ ನೋಡಿ ನಾವು ಇಟ್ಟು ಕೊಡ್ತೀವಿ. ವೈರ್ ಹಚ್ಚಿದ್ರೂ ಕಟ್ ಆದ್ರ ತಪ್ಪು ನಮ್ಮ ಲೈನ್‌ದೇ ಇರಬಹುದು, ಟೈಮ್ ಬರ್ದಿಟ್ಟು ತಿಳಸ್ರಿ.

ದವಾಖಾನಿ, ಅಂಗಡಿಯಾಗ ಇಂಟರ್ನೆಟ್ ಫೋನ್ ಇಟ್ಟವ್ರಿಗೆ ಒಂದೇ ಕಡಿ ದನಿ ಬರೋದು ಭಾಳ ಸಲ ರೌಟರ್‌ದಾಗಿನ ಸಿಪ್ ಎಎಲ್‌ಜಿ (ಇಂಟರ್ನೆಟ್ ಫೋನ್ ಕಾಲ್ ವಿಳಾಸ ನಡುವೆ ತಿದ್ದೋದು) ಅನ್ನೋ ಆಪ್ಷನ್‌ದಿಂದ, ಅದನ್ನೂ ಆಫ್ ಮಾಡ್ತೀವಿ.

ಹಳೀ ರೌಟರ್ ಈ ಸೆಟ್ಟಿಂಗ್ ತಗೊಳ್ದಿದ್ರ ಬದಲಿ ಕೊಡ್ತೀವಿ, ರೊಕ್ಕ ಇಲ್ಲ. ಕಾಲ್ ಮಾಡೋದೇ ಇಲ್ಲ, ನಮಗ ಪೂರಾ 50 ಬೇಕು ಅನ್ನೋರು ಬಿಲ್ ಮ್ಯಾಗಿನ ನಂಬರಿಗೆ ಮೆಸೇಜ್ ಹಾಕ್ರಿ, ನಿಮ್ಮದು ಇದ್ದಂಗೇ ಬಿಡ್ತೀವಿ.