ಒತ್ತಕ್ಷರ ಮರೆತ ಬೆರಳುಗಳು

ಮಾನ್ಯ ಸಂಪಾದಕರೇ,

ಮೊಬೈಲಿನಲ್ಲಿ ತ, ಹಲಂತ (ಅರ್ಧಾಕ್ಷರದ ಚಿಹ್ನೆ), ರ ಒತ್ತಿದರೆ ‘ತ್ರ’ ತಾನಾಗಿ ಮೂಡುತ್ತದೆ. ಅಕ್ಷರದ, ಒತ್ತಕ್ಷರದ ಆಕಾರ ಕೈಗೆ ಗೊತ್ತಿರಬೇಕಿಲ್ಲ. ಹಾಗಾಗಿಯೇ ಇಲ್ಲಿನ ಮಕ್ಕಳ ಉತ್ತರಪತ್ರಿಕೆಗಳಲ್ಲಿ ‘ಥ’ದ ಹೊಟ್ಟೆಯ ಚುಕ್ಕಿ, ‘ಧ’ದ ಕೆಳಗಿನ ಸೀಳು ಮಾಯವಾಗುತ್ತಿವೆ. ನೋಡಿದರೆ ಸಂಕಟವಾಗುತ್ತದೆ.

ಎರಡು ಗೆರೆಯ ಕಾಪಿಯಲ್ಲಿ ದಿನಕ್ಕೆ 10 ಸಾಲು ಬರೆಸಿದರೆ ಸಾಕು. ಮೂಲಾಕ್ಷರ ಗೆರೆಗಳ ನಡುವೆ ಕೂರಲಿ, ಒತ್ತು ಕೆಳಗೆರೆಯ ಕೆಳಗೆ, ಅರ್ಧ ಗಾತ್ರದಲ್ಲಿ. ಸಾಲು ಬಿಡದೆ ಬರೆದರೆ ಈ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗಿ ಎರಡೂ ಓದಲಾಗದು. ಪೆನ್ನನ್ನು ತುದಿಯಿಂದ ಒಂದು ಇಂಚು ಮೇಲೆ, ಸಡಿಲವಾಗಿ ಹಿಡಿಯಬೇಕು. ಬಿಗಿ ಹಿಡಿದರೆ ಹೆಬ್ಬೆರಳು ಬೇಗ ಸೋಲುತ್ತದೆ. ಕಾರವಾರದ ಮಳೆಗಾಲದಲ್ಲಿ ಕಾಗದ ತೇವ ಹೀರಿ ಶಾಯಿ ಹರಡುವುದರಿಂದ ಪೆನ್ಸಿಲ್ಲೇ ವಾಸಿ. ವೇಗದ ಮಾತು ಮೊದಲ ತಿಂಗಳು ಬೇಡವೇ ಬೇಡ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಇಂದಿಗೂ ಕೈಬರಹದ್ದೇ. ಎಂಟನೇ ತರಗತಿವರೆಗಾದರೂ ಶಾಲೆಗಳು ಕಾಪಿ ಬರೆಸಲಿ.

– ಕನ್ನಡ ಶಿಕ್ಷಕರು, ಶಿರಸಿ