ಉರಿಯೂತ ಬೇರೆ, ಉಷ್ಣ ಬೇರೆ

ಮಾನ್ಯ ಸಂಪಾದಕರೇ,

ಉರಿಯೂತ ಹೆಚ್ಚಿಸುವ ಆಹಾರಕ್ಕೂ ಕರುಳಿನ ಕ್ಯಾನ್ಸರಿಗೂ ನಂಟಿದೆ ಎಂಬ ಮಾತು ಈಚೆಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಆದರೆ ನಮ್ಮ ಕೋಲಾರದ ಕಡೆ ಓದುಗರು ‘ಉರಿಯೂತ’ವನ್ನು ‘ಉಷ್ಣ’ ಎಂದೇ ಅರ್ಥ ಮಾಡಿಕೊಳ್ಳುತ್ತಿದ್ದಾರೆ. ಉಷ್ಣವಾಗುತ್ತದೆಂದು ಹುರುಳಿಕಾಳಿನ ಸಾರನ್ನು ಬಿಟ್ಟವರೇ, ತಂಪಾಗಲೆಂದು ಬಾಟಲಿಯ ಸಿಹಿ ಪಾನೀಯ ಕುಡಿಯುವುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ವೈದ್ಯರು ಹೇಳುವ ಈ ಉರಿಯೂತಕ್ಕೂ ನಾಲಿಗೆಯ ಖಾರಕ್ಕೂ ಸಂಬಂಧವಿಲ್ಲ. ಸಿ-ರಿಯಾಕ್ಟಿವ್ ಪ್ರೋಟೀನ್, ಇಂಟರ್‌ಲ್ಯೂಕಿನ್-6ರಂತಹ, ಉರಿಯೂತವನ್ನು ಸೂಚಿಸುವ ವಸ್ತುಗಳು ರಕ್ತದಲ್ಲಿ ವರ್ಷಗಟ್ಟಲೆ ತುಸು ಏರಿಯೇ ಉಳಿದು, ಹೊರಗೆ ಯಾವ ಲಕ್ಷಣವನ್ನೂ ತೋರದಿರುವ ಸ್ಥಿತಿ ಅದು. ಅಮೆರಿಕದಲ್ಲಿ ಆರೋಗ್ಯ ವೃತ್ತಿಯ ಸುಮಾರು 1.2 ಲಕ್ಷ ಜನರನ್ನು 26 ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹ ವಸ್ತುಗಳನ್ನು ಏರಿಸುವ ಊಟವನ್ನು ಅತಿ ಹೆಚ್ಚು ಮಾಡುತ್ತಿದ್ದವರಿಗೆ, ಅತಿ ಕಡಿಮೆ ಮಾಡುತ್ತಿದ್ದವರಿಗಿಂತ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿನ ಅಪಾಯ ಶೇ 32ರಷ್ಟು ಹೆಚ್ಚಿರುವುದು ಕಂಡುಬಂದಿತು. ಗಂಡಸರಲ್ಲಿ ಈ ಪ್ರಮಾಣ ಶೇ 44. ಇದು ನಂಟನ್ನು ತೋರಿಸುವ ಲೆಕ್ಕವೇ ಹೊರತು ಇಂಥವರಿಗೆ ರೋಗ ಬಂದೇ ಬರುತ್ತದೆ ಎಂಬ ಭವಿಷ್ಯವಲ್ಲ. ಸಂಸ್ಕರಿಸಿದ ಮಾಂಸ, ಕೆಂಪು ಮಾಂಸ, ಮೈದಾದಂತಹ ನಯಗೊಳಿಸಿದ ಧಾನ್ಯ ಮತ್ತು ಸಕ್ಕರೆ ಪಾನೀಯಗಳು ಅಲ್ಲಿ ಹಾನಿಯ ಕಡೆಗಿದ್ದರೆ, ಸೊಪ್ಪು, ಕ್ಯಾರೆಟ್, ಕಾಫಿ, ಚಹಾ ಎದುರು ಕಡೆಗಿವೆ. (ಕಾಫಿಪ್ರಿಯರು ಹಿಗ್ಗಲಿ, ಲೋಟಕ್ಕೆ ಬೀಳುವ ಸಕ್ಕರೆಯ ಲೆಕ್ಕ ಬೇರೆ.)

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಸೌತ್ ಕರೊಲಿನಾ ವಿಶ್ವವಿದ್ಯಾಲಯದವರು 45 ಆಹಾರಾಂಶಗಳಿಗೆ ಅಂಕ ಕೊಟ್ಟು ರೂಪಿಸಿದ ಸೂಚ್ಯಂಕದಲ್ಲಿ ಬೆಳ್ಳುಳ್ಳಿ, ಶುಂಠಿ, ಅರಿಶಿನ ಮೂರೂ ಉರಿಯೂತ ತಗ್ಗಿಸುವ ಸಾಲಿನಲ್ಲಿವೆ. ನಮ್ಮ ಅಜ್ಜಿಯರ ಲೆಕ್ಕದಲ್ಲಿ ಬೆಳ್ಳುಳ್ಳಿ, ಶುಂಠಿ ಉಷ್ಣದ ಪದಾರ್ಥಗಳು. ನಾರಿನ ಅಂಶಕ್ಕೂ ಅಲ್ಲಿ ಒಳ್ಳೆಯ ಅಂಕವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ನಾರಿನಿಂದ ತಯಾರಿಸುವ ಬ್ಯುಟಿರೇಟ್ ಎಂಬ ಆಮ್ಲವೇ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ. ಮುದ್ದೆ, ಬಸ್ಸಾರು ಬಡವರ ಊಟವೆಂದು ಮಕ್ಕಳ ತಟ್ಟೆಯಿಂದ ಎತ್ತಿಟ್ಟ ನಾವು ಎತ್ತಿಟ್ಟಿದ್ದು ಈ ನಾರನ್ನೇ.

ಉಷ್ಣದ ಗೊಂದಲ ಊಟಕ್ಕಷ್ಟೇ ಸೀಮಿತವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮಲದಲ್ಲಿ ರಕ್ತ ಬೀಳುವುದು ಕರುಳಿನ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು; ಅದನ್ನು ಕಂಡರೂ ‘ಉಷ್ಣ ಜಾಸ್ತಿಯಾಗಿದೆ’ ಎಂದು ಎಳನೀರು ಕುಡಿದು ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರೆ. ಮೂವತ್ತು ದಾಟಿದವರಿಗೆ ಸರ್ಕಾರ ನಡೆಸುವ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಮಾತ್ರ ಸೇರಿರುವುದರಿಂದ ಕರುಳಿನ ವಿಷಯದಲ್ಲಿ ರೋಗಿಯೇ ಎಚ್ಚರಗೊಂಡು ವೈದ್ಯರ ಬಳಿ ಹೋಗಬೇಕಾಗಿದೆ. ಆದಕಾರಣ ತಮ್ಮ ಪತ್ರಿಕೆ ಮುಂದೆ ‘ಉರಿಯೂತಕಾರಕ ಆಹಾರ’ ಎಂದು ಅಚ್ಚು ಹಾಕುವಾಗ, ಇದು ಉಷ್ಣದ ಮಾತಲ್ಲವೆಂದು ಪಕ್ಕದಲ್ಲೇ ಒಂದು ಸಾಲು ಸೇರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಕೋಲಾರ