ದಾಖಲೆಯಲ್ಲಿ ಇಲ್ಲದವರಿಗೂ ಕಾಯಿಲೆ ಬರುತ್ತದೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನವನು. ಊರಲ್ಲಿ ಒಂದು ಸಣ್ಣ ಸೇವಾ ಕೇಂದ್ರ ಇಟ್ಟುಕೊಂಡಿದ್ದೇನೆ. ಪಹಣಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ತಿದ್ದುಪಡಿ, ಈಗೀಗ ಆರೋಗ್ಯ ದಾಖಲೆಗಳನ್ನು ಜೋಡಿಸುವ ಆಭಾ ಕಾರ್ಡ್, ಎಲ್ಲಾ ಮಾಡಿಕೊಡುತ್ತೇನೆ. ಆಸ್ಪತ್ರೆಗಳಿಗೆ ಕೃತಕ ಬುದ್ಧಿಮತ್ತೆ ತರುವ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ, ಬರಲಿ. ಅದು ಯಾರ ದಾಖಲೆ ಓದಿ ಕಲಿತು ಬರುತ್ತದೆ ಅನ್ನೋದಷ್ಟೇ ನನ್ನ ಪ್ರಶ್ನೆ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನೇ ನೋಡಿ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಯಂತ್ರ ಓದುತ್ತದೆ. ದೂರದ ಹೃದಯ ತಜ್ಞರು ನೋಡಿ ಹೇಳುತ್ತಾರೆ. ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಅಲ್ಲೇ ಸಿಗುತ್ತದೆ. ಕಲಬುರಗಿಯ ಜಯದೇವ ಆಸ್ಪತ್ರೆ ಮುಟ್ಟುವವರೆಗೆ ತಡೆಯುತ್ತದೋ ಇಲ್ಲವೋ ಅನ್ನುವ ಜೀವಕ್ಕೆ ಇದು ದೊಡ್ಡ ಆಸರೆ. ಇಲ್ಲಿ ಯಂತ್ರದ ಮಾತನ್ನು ತೂಗಿ ನೋಡಲು ಡಾಕ್ಟರ್ ಇದ್ದಾರೆ. ರೋಗಿಯೂ ಕಣ್ಣೆದುರೇ ಮಲಗಿದ್ದಾನೆ. ಹಳೆಯ ದಾಖಲೆ ನೋಡಿ ಯಾರಿಗೆ ಅಪಾಯ ಜಾಸ್ತಿ, ಯಾವ ಊರಿಗೆ ಏನು ಕಳಿಸಬೇಕು ಎಂದು ಹೇಳುವ ಯಂತ್ರದ ಕಥೆ ಬೇರೆ.

ನಮ್ಮ ಕಡೆ ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಅಂತ ಗುಳೆ ಹೋಗುತ್ತಾರೆ. ಬಸುರಿಯರೂ ಹೋಗುತ್ತಾರೆ. ತಾಯಿ ಕಾರ್ಡಿನಲ್ಲಿ ಮೊದಲ ಒಂದೆರಡು ತಪಾಸಣೆ ಬರೆದಿರುತ್ತದೆ, ಆಮೇಲೆ ಖಾಲಿ. ಬಿಪಿ ಎಷ್ಟಿತ್ತು, ರಕ್ತ ಎಷ್ಟಿತ್ತು, ಹೆರಿಗೆ ಎಲ್ಲಾಯಿತು, ಮಗು ಎಷ್ಟು ತೂಗಿತು, ಇಲ್ಲಿಯ ಕಂಪ್ಯೂಟರಿಗೆ ಗೊತ್ತಿಲ್ಲ. ಇನ್ನು ಕೆಲವರು ಆಸ್ಪತ್ರೆಯ ಕಡೆ ತಲೆಯೇ ಹಾಕುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಗುಳಿಗೆ ತಗೊಂಡು ಸುಮ್ಮನಾಗುತ್ತಾರೆ. ಇಂಥವರ ಹೆಸರಿನ ಮುಂದೆ ಏನೂ ಇರುವುದಿಲ್ಲ. ಬರೀ ದಾಖಲೆ ನೋಡಿ ಕಲಿತ ಯಂತ್ರ ಇವರೆಲ್ಲ ಆರಾಮಾಗಿದ್ದಾರೆ ಎಂದೇ ತಿಳಿಯುತ್ತದೆ.

ಇದು ನನ್ನ ಊಹೆಯಲ್ಲ, ಅಮೆರಿಕದಲ್ಲಿ ಆಗಿಹೋದದ್ದು. ಹೆಚ್ಚಿನ ಆರೈಕೆ ಯಾರಿಗೆ ಬೇಕು ಎಂದು ಆರಿಸುವ ಒಂದು ತಂತ್ರಾಂಶ ಅಲ್ಲಿ ಬಳಕೆಯಲ್ಲಿತ್ತು. ಅದು ಕಾಯಿಲೆಯನ್ನು ಅಳೆದದ್ದು ಚಿಕಿತ್ಸೆಗೆ ಆದ ಖರ್ಚಿನಿಂದ. ಕಪ್ಪು ಜನರಿಗೆ ಆದ ಖರ್ಚು ಕಡಿಮೆ, ಏಕೆಂದರೆ ಅವರಿಗೆ ಚಿಕಿತ್ಸೆಯೇ ಕಡಿಮೆ ಸಿಕ್ಕಿತ್ತು. ಖರ್ಚು ಕಡಿಮೆ ಅಂದ್ರೆ ಕಾಯಿಲೆಯೂ ಕಡಿಮೆ ಎಂದು ಯಂತ್ರ ಲೆಕ್ಕ ಹಾಕಿಬಿಟ್ಟಿತು. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಬಯಲಿಗೆಳೆಯಿತು. ಈ ತಪ್ಪು ತಿದ್ದಿದರೆ ಹೆಚ್ಚಿನ ಆರೈಕೆ ಸಿಗುವವರಲ್ಲಿ ಕಪ್ಪು ಜನರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತದೆ ಎಂದು ಲೆಕ್ಕ ಕೊಟ್ಟಿತು. ಆ ಯಂತ್ರಕ್ಕೆ ಜನಾಂಗದ ವಿವರವನ್ನೇ ಕೊಟ್ಟಿರಲಿಲ್ಲ ಅನ್ನೋದು ಗಮನಿಸಬೇಕಾದದ್ದು. ಜಾತಿ ಕಾಲಂ ತೆಗೆದಿದ್ದೇವೆ, ಇನ್ನು ಭೇದಭಾವದ ಮಾತೇ ಇಲ್ಲ ಎಂದು ಯಾರಾದರೂ ಕಂಪನಿಯವರು ತಮ್ಮ ಮುಂದೆ ಹೇಳಿದರೆ ದಯವಿಟ್ಟು ಇದನ್ನು ಕೇಳಿ.

ಇನ್ನೊಂದು ಥಾಯ್ಲೆಂಡಿನದು. ಶುಗರ್ ಇರುವವರ ಕಣ್ಣಿನ ಫೋಟೊ ನೋಡಿ ತೊಂದರೆ ಗುರುತಿಸುವ ಗೂಗಲ್‌ನ ವ್ಯವಸ್ಥೆಯನ್ನು ಅಲ್ಲಿಯ ಕ್ಲಿನಿಕ್‌ಗಳಲ್ಲಿ ಇಟ್ಟರು. 2020ರ ವರದಿ ಪ್ರಕಾರ 1,838 ಫೋಟೊಗಳಲ್ಲಿ ಶೇ. 21ರಷ್ಟನ್ನು ಅದು ಒಪ್ಪಲೇ ಇಲ್ಲ. ಕೋಣೆಯ ಬೆಳಕು ಸರಿಯಿರಲಿಲ್ಲ, ನೆಟ್ ನಿಧಾನ. ನಮ್ಮ ಜಿಲ್ಲೆಯ ಹುಣಸಗಿ, ವಡಗೇರಾ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಕರೆಂಟು, ನೆಟ್‌ವರ್ಕ್ ಹೇಗಿದೆ ಎಂಬುದು ತಮ್ಮ ಇಲಾಖೆಗೇ ಚೆನ್ನಾಗಿ ಗೊತ್ತು.

ಇನ್ನು ಒಪ್ಪಿಗೆಯ ವಿಷಯ. ಇದು ದಿನಾ ನನ್ನ ಟೇಬಲ್ ಮುಂದೆಯೇ ನಡೆಯುವುದು. "ದವಾಖಾನ್ಯಾಗ ಕೇಳ್ತಾರಂತ, ಮಾಡಿ ಕೊಡಪಾ" ಎಂದು ಅಜ್ಜಿಯೊಬ್ಬರು ಆಧಾರ್ ಕೊಡುತ್ತಾರೆ. ಒಟಿಪಿ ಹೋಗುವುದು ಪುಣೆಯಲ್ಲಿರುವ ಮಗನ ಫೋನಿಗೆ. ಅವನು ಫೋನಿನಲ್ಲೇ ನಂಬರ್ ಹೇಳುತ್ತಾನೆ. ಪರದೆಯ ಮೇಲಿನ ಒಪ್ಪಿಗೆಯನ್ನು ಅಜ್ಜಿ ಓದಲಿಲ್ಲ, ಮಗನೂ ಓದಲಿಲ್ಲ. 14 ಅಂಕಿಯ ನಂಬರ್ ಬಂತು, ಕೆಲಸ ಮುಗಿಯಿತು. ಆಭಾ ಕಡ್ಡಾಯವಲ್ಲ ಎಂದರೆ ಯಾರೂ ನಂಬುವುದೇ ಇಲ್ಲ. ಮನೆಗೊಂದೇ ಫೋನ್ ಇರುವಲ್ಲಿ ಇನ್ನೂ ಕಷ್ಟ. ಸೊಸೆಯ ರಕ್ತ ಪರೀಕ್ಷೆಯ ಮೆಸೇಜು ಮಾವನ ಫೋನಿಗೆ ಬರುತ್ತದೆ. ಅದು ಟಿಬಿಯದೋ ಎಚ್‌ಐವಿಯದೋ ಆಗಿದ್ದರೆ ಆ ಹುಡುಗಿಯ ಗತಿ ಏನು? ಎಚ್‌ಐವಿ ಗುಟ್ಟು ಕಾಯಬೇಕೆಂದು 2017ರ ಕಾಯ್ದೆಯೇ ಇದೆ. ಫೋನಿಗೆ ಕಾಯ್ದೆ ಎಲ್ಲಿ ಗೊತ್ತು!

ಒಪ್ಪಿಗೆಯನ್ನು ಸರಳ ಮಾತಿನಲ್ಲಿ ಕೇಳಬೇಕು, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದಲು ಅವಕಾಶ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕನ್ನಡ, ಉರ್ದು, ತೆಲುಗು ಆ ಪಟ್ಟಿಯಲ್ಲಿವೆ. ನಮ್ಮ ತಾಂಡಾಗಳ ಲಂಬಾಣಿ ಇಲ್ಲ. ಸವಲತ್ತು ಕೊಡುವ ಕೆಲಸಕ್ಕೆ ಸರ್ಕಾರಕ್ಕೆ ಅದೇ ಕಾಯ್ದೆಯಲ್ಲಿ ಒಪ್ಪಿಗೆ ಕೇಳುವ ವಿಷಯದಲ್ಲಿ ಒಂದಿಷ್ಟು ಸಡಿಲಿಕೆಯೂ ಇದೆ. ತಾವು ಆ ಸಡಿಲಿಕೆ ಬಳಸದೆ, ಓದಲು ಬಾರದವರಿಗೆ ಅವರ ಮಾತಿನಲ್ಲೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ ಎಂದು ಆದೇಶ ಮಾಡಬಹುದಲ್ವಾ?

ಈ ದಾಖಲೆಯನ್ನೆಲ್ಲ ತುಂಬುವವರು ಆಶಾ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತಾಗ, ಕೆಲಸದ ಎಂಟ್ರಿ ಮಾಡುವ ಪೋರ್ಟಲ್‌ಗೆ ಪ್ರೋತ್ಸಾಹಧನ ಜೋಡಿಸಬೇಡಿ ಎಂಬುದೂ ಅವರ ಬೇಡಿಕೆಯಾಗಿತ್ತು. ಅದು ಬರೀ ಸಂಬಳದ ಮಾತಲ್ಲ. ಎಂಟ್ರಿ ಆಗದಿದ್ದರೆ ದುಡ್ಡಿಲ್ಲ ಎಂದಾಗ ಎಂಟ್ರಿ ಹೇಗೋ ಆಗಿಬಿಡುತ್ತದೆ. ಆ ಅಂಕಿಗಳನ್ನೇ ನಿಜ ಎಂದುಕೊಂಡು ಯಂತ್ರ ಕಲಿಯುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟು. ಹೊಸ ಯಂತ್ರ ಏನೇ ಬರಲಿ, ಮೊದಲು ನಮ್ಮ ಜನರ ಮೇಲೆ ಪರೀಕ್ಷೆಯಾಗಲಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಇಲ್ಲೇ ಇವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಒಂದು ಪಾಲು ಇದಕ್ಕೂ ಇರಲಿ. ಗುಳೆ ಹೋದ ಕುಟುಂಬಗಳನ್ನು, ತಾಂಡಾಗಳನ್ನು ಬೇರೆಯಾಗಿ ಲೆಕ್ಕ ಹಾಕಿ, ಯಂತ್ರ ಎಷ್ಟು ಸಲ ತಪ್ಪಿತು ಅನ್ನೋದನ್ನು ಕನ್ನಡದಲ್ಲಿ ಪ್ರಕಟಿಸಲಿ. ಈ ಷರತ್ತು ಟೆಂಡರಿನಲ್ಲೇ ಇರಬೇಕು, ಆಮೇಲೆ ಸೇರಿಸಿದರೆ ಪ್ರಯೋಜನವಿಲ್ಲ. ಯಂತ್ರ ಬೇಡ ಎಂದ ರೋಗಿಗೆ ಚಿಕಿತ್ಸೆ ನಿಲ್ಲಬಾರದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ ಕೈಬರಹದ ಚೀಟಿಯೇ ಕೆಲಸಕ್ಕೆ ಬಂತು. ನಮ್ಮ ಆಸ್ಪತ್ರೆಗಳಲ್ಲೂ ಪುಸ್ತಕ, ಪೆನ್ನು ತೆಗೆದುಹಾಕಬೇಡಿ. ಯಂತ್ರ ತಪ್ಪು ಹೇಳಿ ಯಾರಿಗಾದರೂ ತೊಂದರೆಯಾದರೆ ಯಾರ ಹತ್ತಿರ ದೂರು ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬುದನ್ನು ಪ್ರತಿ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆಸಿ.

ಇತಿ ತಮ್ಮ ವಿಶ್ವಾಸಿ,
ಶಹಾಪುರ ತಾಲೂಕಿನ ಒಬ್ಬ ಸೇವಾ ಕೇಂದ್ರದವ